ಶಾಲಾಪೂರ್ವ ಶಿಕ್ಷಣದಲ್ಲಿ ಮರುಬಳಕೆ ವಸ್ತುಗಳು

ಶಾಲಾಪೂರ್ವ ಶಿಕ್ಷಣದಲ್ಲಿ ಮರುಬಳಕೆ ವಸ್ತುಗಳು ಎಂದರೆ ಒಮ್ಮೆ ಬಳಸಿ ಬದಿಗಿಟ್ಟ ರಟ್ಟಿನ ಪೆಟ್ಟಿಗೆ, ಬಟ್ಟೆಯ ಚೂರು, ಡಬ್ಬಿ, ಮುಚ್ಚಳ, ದಾರ, ಮರದ ತುಂಡು ಮೊದಲಾದವುಗಳನ್ನು ಸುಮಾರು ಮೂರರಿಂದ ಆರು ವರ್ಷದ ಮಕ್ಕಳ ಆಟ ಮತ್ತು ಕಲಿಕೆಗೆ ಸಾಧನಗಳನ್ನಾಗಿ ಒದಗಿಸುವ ಕ್ರಮ. ಈ ವಸ್ತುಗಳಿಗೆ ಆಟದಲ್ಲಿ ಗೊತ್ತುಪಡಿಸಿದ ಒಂದೇ ಉಪಯೋಗವಿರುವುದಿಲ್ಲ. ಒಂದು ಪೆಟ್ಟಿಗೆಯು ಮಗುವಿನ ಇಚ್ಛೆಗೆ ತಕ್ಕಂತೆ ಮನೆ, ಬಸ್ಸು, ಅಂಗಡಿ ಅಥವಾ ಗುಹೆಯಾಗಬಹುದು. ಈ ಗುಣದಿಂದಾಗಿ ಇಂಥ ವಸ್ತುಗಳು ಸೃಜನಶೀಲತೆಯ ಪೋಷಣೆಗೆ ನೆರವಾಗುತ್ತವೆ ಎಂದು ಶಿಕ್ಷಣತಜ್ಞರು ಭಾವಿಸುತ್ತಾರೆ. ಆದರೆ ವಸ್ತುವನ್ನು ಒದಗಿಸುವುದರಿಂದಲೇ ಈ ಫಲ ದೊರೆಯುವುದಿಲ್ಲ. ಆ ವಸ್ತು ಏನಾಗಬೇಕೆಂಬ ನಿರ್ಧಾರ ಮಗುವಿನದೋ ಹಿರಿಯರದೋ ಎಂಬುದರ ಮೇಲೆ ಅದು ಅವಲಂಬಿಸಿದೆ.

ಪದದ ಅರ್ಥ

ಕನ್ನಡದಲ್ಲಿ ‘ಮರುಬಳಕೆ’ ಎಂಬ ಪದವು ಎರಡು ಬೇರೆ ಬೇರೆ ಕ್ರಿಯೆಗಳನ್ನು ಸೂಚಿಸುತ್ತದೆ. ವಸ್ತುವನ್ನು ಇದ್ದ ರೂಪದಲ್ಲೇ ಮತ್ತೊಂದು ಕೆಲಸಕ್ಕೆ ಬಳಸುವುದು ಮೊದಲನೆಯದು. ವಸ್ತುವನ್ನು ಕರಗಿಸಿ ಅಥವಾ ಅರೆದು ಹೊಸ ವಸ್ತುವನ್ನು ತಯಾರಿಸುವುದು ಎರಡನೆಯದು. ಇದಕ್ಕೆ ‘ಮರುಸಂಸ್ಕರಣೆ’ ಎಂಬ ಪದವೂ ಇದೆ. ಶಾಲಾಪೂರ್ವ ಶಿಕ್ಷಣದಲ್ಲಿ ನಡೆಯುವುದು ಬಹುಮಟ್ಟಿಗೆ ಮೊದಲನೆಯ ಕ್ರಿಯೆ. ಶಾಲೆಗಳಲ್ಲಿ ಏರ್ಪಡುವ ‘ಕಸದಿಂದ ರಸ’ ಸ್ಪರ್ಧೆಗಳೂ ಇದೇ ಸಾಲಿಗೆ ಸೇರುತ್ತವೆ. ಆದರೆ ಅವುಗಳ ಗುರಿ ಸಿದ್ಧವಸ್ತುವಿನ ಅಂದ. ಶಾಲಾಪೂರ್ವ ಶಿಕ್ಷಣದಲ್ಲಿ ವಸ್ತುವಿನೊಡನೆ ಮಗು ನಡೆಸುವ ಪ್ರಯೋಗಕ್ಕೆ ಹೆಚ್ಚಿನ ಬೆಲೆಯಿದೆ.

ಇತಿಹಾಸ

ಆರಂಭಿಕ ಚಿಂತನೆ

ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಯಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದನು. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟನು. ಮರದ ಗೋಳ, ಘನ, ಸಿಲಿಂಡರ್‌ಗಳ ಜೊತೆಗೆ ಕಾಗದ ಮಡಿಸುವುದು, ಹೆಣೆಯುವುದು, ಕತ್ತರಿಸುವುದು ಮೊದಲಾದ ಕೈಕೆಲಸಗಳನ್ನು ಅವನು ಶಿಕ್ಷಣದ ಭಾಗವನ್ನಾಗಿ ಮಾಡಿದನು. 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದ ಮರಿಯಾ ಮಾಂಟೆಸ್ಸರಿಯವರು ಇಂದ್ರಿಯಗಳ ತರಬೇತಿಗಾಗಿ ವಿಶೇಷ ಸಾಧನಗಳನ್ನು ರೂಪಿಸಿದರು. ಅವರ ಸಾಧನಗಳಲ್ಲಿ ಪ್ರತಿಯೊಂದಕ್ಕೂ ನಿಶ್ಚಿತ ಉದ್ದೇಶವಿದ್ದು, ತಪ್ಪಾದಲ್ಲಿ ಮಗುವೇ ಅದನ್ನು ಗುರುತಿಸಿ ತಿದ್ದಿಕೊಳ್ಳಬಹುದು. ಮರುಬಳಕೆ ವಸ್ತುಗಳಲ್ಲಿ ಇಂಥ ನಿಶ್ಚಿತತೆಯಿಲ್ಲ. ಸರಿ ಮತ್ತು ತಪ್ಪು ಎಂಬ ವಿಂಗಡಣೆಯೂ ಅಲ್ಲಿಲ್ಲ. ಹೀಗಾಗಿ ಇವೆರಡು ಬಗೆಯ ಸಾಧನಗಳು ಮಗುವಿನ ಬೇರೆ ಬೇರೆ ಶಕ್ತಿಗಳನ್ನು ಬೆಳೆಸುತ್ತವೆ.

ಹಳೆ ಸಾಮಾನಿನ ಆಟದ ಮೈದಾನ

ಡೆನ್ಮಾರ್ಕ್‌ನ ಭೂದೃಶ್ಯ ವಿನ್ಯಾಸಕ ಕಾರ್ಲ್ ಥಿಯೋಡರ್ ಸೋರೆನ್ಸನ್, ಮಕ್ಕಳು ವ್ಯವಸ್ಥಿತ ಆಟದ ಮೈದಾನಗಳಿಗಿಂತ ಕಟ್ಟಡ ಕಾಮಗಾರಿಯ ಸ್ಥಳಗಳಲ್ಲಿ ಮತ್ತು ಗುಜರಿ ರಾಶಿಗಳಲ್ಲಿ ಹೆಚ್ಚು ಉತ್ಸಾಹದಿಂದ ಆಡುವುದನ್ನು ಗಮನಿಸಿದ್ದರು. ಅವರ ಕಲ್ಪನೆಯ ಫಲವಾಗಿ 1943ರಲ್ಲಿ, ದೇಶವು ಜರ್ಮನ್ ಸೇನೆಯ ವಶದಲ್ಲಿದ್ದಾಗ, ಕೋಪನ್‌ಹೇಗನ್‌ನ ಎಮ್‌ಡ್ರುಪ್‌ನಲ್ಲಿ ಹಳೆ ಸಾಮಾನಿನ ಆಟದ ಮೈದಾನವೊಂದು ಆರಂಭವಾಯಿತು. ಹಲಗೆ, ಇಟ್ಟಿಗೆ, ಹಗ್ಗಗಳಿಂದ ಮಕ್ಕಳು ಅಲ್ಲಿ ತಮಗೆ ಬೇಕಾದುದನ್ನು ಕಟ್ಟುತ್ತಿದ್ದರು. 1946ರಲ್ಲಿ ಇಲ್ಲಿಗೆ ಭೇಟಿ ನೀಡಿದ ಲೇಡಿ ಅಲೆನ್ ಈ ಕಲ್ಪನೆಯನ್ನು ಬ್ರಿಟನ್ನಿಗೆ ಕೊಂಡೊಯ್ದರು. ಯುದ್ಧದಲ್ಲಿ ಬಾಂಬಿಗೆ ತುತ್ತಾದ ನಿವೇಶನಗಳಲ್ಲಿ ಅಂಥ ಮೈದಾನಗಳು ತೆರೆದುಕೊಂಡು, ಮುಂದೆ ‘ಸಾಹಸ ಮೈದಾನ’ಗಳೆಂದು ಹೆಸರಾದವು.

ಬಿಡಿಭಾಗಗಳ ಸಿದ್ಧಾಂತ

ಬ್ರಿಟನ್ನಿನ ಕಲಾವಿದ ಸೈಮನ್ ನಿಕೋಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ‘ಬಿಡಿಭಾಗಗಳ ಸಿದ್ಧಾಂತ’ವನ್ನು ಮಂಡಿಸಿದರು. ಯಾವುದೇ ಪರಿಸರದಲ್ಲಿ ಕಂಡುಬರುವ ಸೃಜನಶೀಲತೆಯ ಪ್ರಮಾಣ ಮತ್ತು ಹೊಸದನ್ನು ಕಂಡುಕೊಳ್ಳುವ ಸಾಧ್ಯತೆ, ಆ ಪರಿಸರದಲ್ಲಿರುವ ಬದಲಿಸಬಹುದಾದ ಅಂಶಗಳ ಸಂಖ್ಯೆ ಮತ್ತು ವೈವಿಧ್ಯವನ್ನು ಅವಲಂಬಿಸಿವೆ ಎಂಬುದು ಇದರ ಸಾರ. ಸೃಜನಶೀಲತೆಯು ಕೆಲವರಿಗೆ ಮಾತ್ರ ಒಲಿದ ವರವೆಂಬ ನಂಬಿಕೆಯನ್ನು ಅವರು ನಿರಾಕರಿಸಿದರು. ವಾಸ್ತುಶಿಲ್ಪಿಗಳು ಮತ್ತು ಯೋಜಕರು ರಚನೆಯ ಸಂತೋಷವನ್ನೆಲ್ಲ ತಾವೇ ಅನುಭವಿಸಿ, ಮುಗಿದುಹೋದ ಮೈದಾನವನ್ನು ಮಕ್ಕಳಿಗೆ ಕೊಡುತ್ತಾರೆ ಎಂಬುದು ಅವರ ಆಕ್ಷೇಪವಾಗಿತ್ತು. ಇಂದು ಮರುಬಳಕೆ ವಸ್ತುಗಳ ಕುರಿತ ಚರ್ಚೆಗಳಲ್ಲಿ ಈ ಸಿದ್ಧಾಂತವೇ ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ.

ರೆಜಿಯೊ ಎಮಿಲಿಯಾ ಮತ್ತು ರೆಮಿಡಾ

ಇಟಲಿಯ ರೆಜಿಯೊ ಎಮಿಲಿಯಾ ನಗರದ ಬಳಿಯ ವಿಲ್ಲಾ ಚೆಲ್ಲಾ ಎಂಬ ಗ್ರಾಮದಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಕೂಡಲೇ ಗ್ರಾಮಸ್ಥರು ಮಕ್ಕಳ ಶಾಲೆಯೊಂದನ್ನು ಕಟ್ಟಲು ತೊಡಗಿದರು. ಹಿಮ್ಮೆಟ್ಟಿದ ಜರ್ಮನ್ ಸೇನೆ ಬಿಟ್ಟುಹೋಗಿದ್ದ ಟ್ಯಾಂಕು, ಟ್ರಕ್ಕು ಮತ್ತು ಕುದುರೆಗಳನ್ನು ಮಾರಿ ಬಂದ ಹಣದಿಂದ ಈ ಕೆಲಸ ಆರಂಭವಾಯಿತು. ಇದನ್ನು ಕೇಳಿ ಅಲ್ಲಿಗೆ ತೆರಳಿದ ಯುವ ಶಿಕ್ಷಕ ಲೋರಿಸ್ ಮಲಗುಜ್ಜಿ (1920–1994) ಮುಂದೆ ‘ರೆಜಿಯೊ ಎಮಿಲಿಯಾ ವಿಧಾನ’ದ ಪ್ರಮುಖ ಚಿಂತಕರಾದರು. ನಗರಸಭೆಯ ಮೊದಲ ಶಾಲಾಪೂರ್ವ ಕೇಂದ್ರವು 1963ರಲ್ಲಿ ತೆರೆಯಿತು. ಈ ವಿಧಾನದ ಶಾಲೆಗಳಲ್ಲಿ ಕಲಾಕೋಣೆ ಇರುತ್ತದೆ. ಅಲ್ಲಿ ಕಲೆಯಲ್ಲಿ ಪರಿಣತಿ ಪಡೆದ ಶಿಕ್ಷಕರೊಬ್ಬರು ಮಕ್ಕಳೊಡನೆ ಕೆಲಸ ಮಾಡುತ್ತಾರೆ.

ಇದೇ ನಗರದಲ್ಲಿ 1996ರಲ್ಲಿ ‘ರೆಮಿಡಾ’ ಎಂಬ ಸೃಜನಾತ್ಮಕ ಮರುಬಳಕೆ ಕೇಂದ್ರ ಸ್ಥಾಪನೆಯಾಯಿತು. ಮುಟ್ಟಿದ್ದನ್ನೆಲ್ಲ ಚಿನ್ನವಾಗಿಸುತ್ತಿದ್ದ ಮಿಡಾಸ್ ದೊರೆಯ ಹೆಸರು ಇದರಲ್ಲಿ ಅಡಗಿದೆ. ಕಾರ್ಖಾನೆ ಮತ್ತು ಅಂಗಡಿಗಳ ಉತ್ಪಾದನೆಯಲ್ಲಿ ಉಳಿದ ಅಥವಾ ಸಣ್ಣ ದೋಷದಿಂದ ತಿರಸ್ಕೃತವಾದ ಕಾಗದ, ಪ್ಲಾಸ್ಟಿಕ್, ಚರ್ಮ, ಸೆರಾಮಿಕ್, ದಾರ ಮೊದಲಾದವುಗಳನ್ನು ಈ ಕೇಂದ್ರವು ಸಂಗ್ರಹಿಸಿ, ವಿಂಗಡಿಸಿ, ಶಾಲೆಗಳಿಗೆ ಒದಗಿಸುತ್ತದೆ. ಇಲ್ಲಿನ ಸಾಮಗ್ರಿಯಲ್ಲಿ ಮನೆಯ ಕಸವಿಲ್ಲ, ಕಾರ್ಖಾನೆಯ ಶುದ್ಧ ಉಳಿಕೆಗಳೇ ಹೆಚ್ಚು ಎಂಬುದು ಗಮನಾರ್ಹ.

ಭಾರತದಲ್ಲಿ

ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದ ಗಿಜುಭಾಯಿ ಬಧೇಕಾ, ಮಾಂಟೆಸ್ಸರಿ ವಿಚಾರಗಳನ್ನು ಭಾರತೀಯ ಪರಿಸರಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಬಳಿಕ ಕೋಸಬಾಡ್‌ನಲ್ಲಿ ಅನುತಾಯಿ ವಾಘ್ ಅವರೊಡನೆ ಆದಿವಾಸಿ ಮತ್ತು ಗ್ರಾಮೀಣ ಮಕ್ಕಳಿಗಾಗಿ ಬಾಲವಾಡಿಗಳನ್ನು ನಡೆಸಿದರು. ದುಬಾರಿ ಸಾಧನಗಳನ್ನು ಕೊಳ್ಳುವುದು ಹಳ್ಳಿಗಳಿಗೆ ಅಸಾಧ್ಯವಾದ್ದರಿಂದ, ಸ್ಥಳದಲ್ಲೇ ದೊರೆಯುವ ಅಗ್ಗದ ವಸ್ತುಗಳಿಂದ ಅವರು ಬೋಧನೋಪಕರಣಗಳನ್ನು ಸಿದ್ಧಪಡಿಸಿದರು. ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯೇ ಅವರ ಮನೆಯಂಗಳಕ್ಕೆ ಹೋಯಿತು. ‘ಅಂಗನವಾಡಿ’ ಎಂಬ ಹೆಸರಿನ ಹಿನ್ನೆಲೆ ಇದು.

ಐಐಟಿ ಕಾನ್ಪುರದಲ್ಲಿ ಎಂಜಿನಿಯರಿಂಗ್ ಕಲಿತ ಅರವಿಂದ ಗುಪ್ತಾ, 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದ ಸಂಪರ್ಕಕ್ಕೆ ಬಂದರು. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳನ್ನು ಜೋಡಿಸಿ ಜ್ಯಾಮಿತಿಯ ಆಕೃತಿಗಳನ್ನು ರಚಿಸುವ ಅವರ ವಿಧಾನ ಪ್ರಸಿದ್ಧವಾಯಿತು. ಪುಣೆಯ ಅಂತರ ವಿಶ್ವವಿದ್ಯಾಲಯ ಖಗೋಳ ವಿಜ್ಞಾನ ಕೇಂದ್ರದ ಮಕ್ಕಳ ವಿಜ್ಞಾನ ವಿಭಾಗದಲ್ಲಿಯೂ ಅವರು ಕೆಲಸ ಮಾಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಅವರ ಆಟಿಕೆಗಳಲ್ಲಿ ಹೆಚ್ಚಿನವು ಶಾಲಾ ವಯಸ್ಸಿನ ಮಕ್ಕಳಿಗೆ ಸಲ್ಲುವಂಥವು. ಕಾಗದದ ಟೋಪಿ, ಗಿರಗಟ್ಟಲೆಯಂಥ ಸರಳ ಮಾದರಿಗಳನ್ನು ಹಿರಿಯರ ನೆರವಿನಿಂದ ಚಿಕ್ಕ ಮಕ್ಕಳೂ ಮಾಡಬಲ್ಲರು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ‘ಬುನಾದಿ ಹಂತ’ವೆಂದು ಗುರುತಿಸಿ, ಆಟ ಆಧಾರಿತ ಕಲಿಕೆಗೆ ಒತ್ತು ನೀಡಿತು. ಈ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2022ರಲ್ಲಿ ಪ್ರಕಟವಾಯಿತು. ಆಟಿಕೆ, ಒಗಟು, ಗೊಂಬೆಗಳನ್ನೊಳಗೊಂಡ ‘ಜಾದುಯಿ ಪಿಟಾರಾ’ ಎಂಬ ಕಲಿಕಾ ಪೆಟ್ಟಿಗೆಯು 2023ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು.

ಕರ್ನಾಟಕದಲ್ಲಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಜಾರಿಗೆ ಬಂದಾಗ, ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಅಂಗನವಾಡಿ ಕಾರ್ಯಕರ್ತೆಯರು ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರ್, ರಟ್ಟು, ಬಾಟಲಿ ಮುಚ್ಚಳಗಳಿಂದ ಚಿತ್ರಪಟ, ಎಣಿಕೆ ಸಾಧನ ಮತ್ತು ಕಡ್ಡಿಗೊಂಬೆಗಳನ್ನು ತಯಾರಿಸುವುದು ಸಾಮಾನ್ಯ. ಆದರೆ ಹೀಗೆ ಕಾರ್ಯಕರ್ತೆ ತಯಾರಿಸಿ ಗೋಡೆಗೆ ತೂಗುಹಾಕಿದ ಬೋಧನೋಪಕರಣಕ್ಕೂ, ಮಗುವಿನ ಕೈಗೇ ಕೊಟ್ಟ ಬಿಡಿ ಸಾಮಗ್ರಿಗೂ ಉದ್ದೇಶದಲ್ಲಿ ವ್ಯತ್ಯಾಸವಿದೆ. ಮೊದಲನೆಯದು ಪಾಠವನ್ನು ವಿವರಿಸಲು, ಎರಡನೆಯದು ಮಗುವಿನ ಕಲ್ಪನೆಯನ್ನು ಹೊರತರಲು ನೆರವಾಗುತ್ತದೆ.

ಉಳಿಕೆ ವಸ್ತುಗಳಿಂದ ಆಟಿಕೆ ಮಾಡುವ ರೂಢಿ ನಾಡಿನ ಮಕ್ಕಳಿಗೆ ಹೊಸದಲ್ಲ. ಮಲೆನಾಡು ಮತ್ತು ಕರಾವಳಿಯಲ್ಲಿ ಉದುರಿದ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆಟವಿದೆ. ತೆಂಗಿನ ಗರಿಯಿಂದ ಗಿರಗಟ್ಟಲೆ, ಪೀಪಿ, ಕೈಗಡಿಯಾರ, ಹಾವುಗಳನ್ನು ಹೆಣೆಯುತ್ತಾರೆ. ಬಯಲುಸೀಮೆಯಲ್ಲಿ ಜೋಳದ ದಂಟಿನಿಂದ ಬಂಡಿ ಮಾಡುತ್ತಾರೆ. ಸವೆದ ಸೈಕಲ್ ಟೈರನ್ನು ಕೋಲಿನಿಂದ ಓಡಿಸುವುದು, ಎರಡು ಖಾಲಿ ಬೆಂಕಿಪೊಟ್ಟಣಗಳಿಗೆ ದಾರ ಕಟ್ಟಿ ಟೆಲಿಫೋನ್ ಮಾಡುವುದು, ಹರಿದ ಸೀರೆಯ ತುಂಡಿನಿಂದ ಗೊಂಬೆ ಕಟ್ಟುವುದು ಎಲ್ಲೆಡೆ ಕಂಡುಬರುತ್ತಿದ್ದ ಆಟಗಳು. ಹಳೆ ಬಟ್ಟೆಗಳನ್ನು ಜೋಡಿಸಿ ಹೊಲಿಯುವ ಉತ್ತರ ಕರ್ನಾಟಕದ ಕೌದಿಯೂ ಇದೇ ಮನೋಭಾವದಿಂದ ಹುಟ್ಟಿದ ಕಲೆ. ಕೌದಿಯ ಬಟ್ಟೆಚೂರುಗಳ ಜೋಡಣೆಯನ್ನು ಬಣ್ಣ ಮತ್ತು ಆಕಾರಗಳ ಪರಿಚಯಕ್ಕೆ ಬಳಸಿಕೊಳ್ಳಬಹುದು.

ಸೈದ್ಧಾಂತಿಕ ಹಿನ್ನೆಲೆ

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆಯವರ ಪ್ರಕಾರ, ಸುಮಾರು ಎರಡರಿಂದ ಏಳು ವರ್ಷದ ಅವಧಿಯಲ್ಲಿ ಮಗುವು ಒಂದು ವಸ್ತುವನ್ನು ಇನ್ನೊಂದರ ಸಂಕೇತವಾಗಿ ಬಳಸಲು ಕಲಿಯುತ್ತದೆ. ರಷ್ಯಾದ ಲೆವ್ ವೈಗೋಟ್‌ಸ್ಕಿ ಕೋಲನ್ನು ಕುದುರೆಯಾಗಿಸಿಕೊಂಡು ಓಡುವ ಮಗುವಿನ ಉದಾಹರಣೆಯನ್ನು ನೀಡಿದರು. ಕುದುರೆ ಎಂಬ ಅರ್ಥವು ನಿಜವಾದ ಕುದುರೆಯಿಂದ ಬಿಡಿಸಿಕೊಂಡು ಕೋಲಿಗೆ ಅಂಟಿಕೊಳ್ಳುತ್ತದೆ; ಹೀಗೆ ವಸ್ತುವಿನಿಂದ ಅರ್ಥವನ್ನು ಬೇರ್ಪಡಿಸುವ ಶಕ್ತಿಯು ಅಮೂರ್ತ ಚಿಂತನೆಗೆ ದಾರಿ ಮಾಡಿಕೊಡುತ್ತದೆ. ಕಲ್ಪನೆಯು ಶೂನ್ಯದಿಂದ ಹುಟ್ಟದೆ, ಅನುಭವದ ಸಾಮಗ್ರಿಗಳಿಂದಲೇ ರೂಪುಗೊಳ್ಳುತ್ತದೆ ಎಂದೂ ಅವರು ಪ್ರತಿಪಾದಿಸಿದರು. ಇದರಂತೆ, ಬಸ್ಸನ್ನು ಕಂಡು, ಅದರಲ್ಲಿ ಪ್ರಯಾಣಿಸಿದ ಮಗುವಿನ ರಟ್ಟಿನ ಬಸ್ಸಿನಲ್ಲಿ ಕಂಡಕ್ಟರ್, ಟಿಕೆಟ್ಟು, ಸೀಟಿಯ ಸದ್ದುಗಳೂ ಸೇರಿಕೊಳ್ಳುತ್ತವೆ.

ಅಮೆರಿಕದ ಜೆ. ಪಿ. ಗಿಲ್ಫರ್ಡ್ ಒಂದೇ ಉತ್ತರವನ್ನು ಹುಡುಕುವ ಚಿಂತನೆಯನ್ನೂ, ಅನೇಕ ಉತ್ತರಗಳತ್ತ ಚಾಚುವ ಚಿಂತನೆಯನ್ನೂ ಬೇರ್ಪಡಿಸಿ ತೋರಿಸಿದರು. ಇಟ್ಟಿಗೆಯಂಥ ಸಾಧಾರಣ ವಸ್ತುವಿಗೆ ಎಷ್ಟು ಉಪಯೋಗಗಳನ್ನು ಹೇಳಬಹುದು ಎಂದು ಕೇಳುವುದು ಎರಡನೆಯದನ್ನು ಅಳೆಯುವ ಒಂದು ಪರೀಕ್ಷೆ. ಮರುಬಳಕೆ ವಸ್ತುಗಳೊಡನೆ ಆಡುವ ಮಗು ಇದೇ ಪ್ರಶ್ನೆಯನ್ನು ಮಾತಿಲ್ಲದೆ ಕೈಯಿಂದ ಬಿಡಿಸುತ್ತಿರುತ್ತದೆ.

ಅಮೆರಿಕದ ರೋಚೆಸ್ಟರ್‌ನಲ್ಲಿರುವ ರಾಷ್ಟ್ರೀಯ ಆಟಿಕೆ ಗೌರವ ಪಟ್ಟಿಗೆ 2005ರಲ್ಲಿ ರಟ್ಟಿನ ಪೆಟ್ಟಿಗೆಯನ್ನೂ 2008ರಲ್ಲಿ ಕೋಲನ್ನೂ ಸೇರಿಸಲಾಯಿತು.

ಸಾಮಗ್ರಿಗಳ ವರ್ಗೀಕರಣ

ಸಾಮಾನ್ಯವಾಗಿ ಬಳಕೆಯಲ್ಲಿರುವ ವಸ್ತುಗಳನ್ನು ಹೀಗೆ ವಿಂಗಡಿಸಬಹುದು:

• ಕಾಗದ ಮತ್ತು ರಟ್ಟು: ದಿನಸಿ ಪೆಟ್ಟಿಗೆ, ಬಟ್ಟೆ ಅಂಗಡಿಯ ರಟ್ಟಿನ ಕೊಳವೆ, ಲಗ್ನಪತ್ರಿಕೆ, ಒಂದು ಬದಿ ಖಾಲಿಯಿರುವ ಹಾಳೆ. ಮಡಿಸಲು, ಹರಿಯಲು, ನಿಲ್ಲಿಸಲು ಯೋಗ್ಯ.
• ಬಟ್ಟೆ ಮತ್ತು ದಾರ: ದರ್ಜಿಯ ಅಂಗಡಿಯ ಚೂರು, ಹಳೆ ಸೀರೆ, ದುಪಟ್ಟಾ, ಉಲ್ಲನ್. ಉದ್ದ ಸೀರೆಯೊಂದು ನದಿ, ಡೇರೆ ಅಥವಾ ವೇಷವಾಗಬಲ್ಲುದು.
• ಮರ ಮತ್ತು ನಿಸರ್ಗದ ವಸ್ತುಗಳು: ಉಜ್ಜಿ ನುಣುಪಾಗಿಸಿದ ಮರದ ತುಂಡು, ತೆಂಗಿನ ಚಿಪ್ಪು, ಅಡಿಕೆ ಹಾಳೆ, ಬಿದಿರಿನ ತುಂಡು, ಒಣಗಿದ ಎಲೆ.
• ಪ್ಲಾಸ್ಟಿಕ್ ಮತ್ತು ಲೋಹ: ದೊಡ್ಡ ಮುಚ್ಚಳ, ಆಹಾರದ ಡಬ್ಬಿ, ಅಂಚು ಹರಿತವಿಲ್ಲದ ತಗಡಿನ ಡಬ್ಬ.
• ದೊಡ್ಡ ವಸ್ತುಗಳು: ಟೈರು, ಹಾಲಿನ ಕ್ರೇಟು, ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ. ಇವನ್ನು ಸಾಗಿಸಲು ಹಲವು ಮಕ್ಕಳು ಕೂಡಬೇಕಾದ್ದರಿಂದ ಸಹಕಾರ ಬೆಳೆಯುತ್ತದೆ.

ಜೋಡಿಸುವ ಸಾಧನಗಳೂ ಇಷ್ಟೇ ಮುಖ್ಯ. ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಕಾಯಿಸಿದ ಅಂಟು ಕಾಗದಕ್ಕೆ ಸಾಕು. ಆದರೆ ಅದು ಬೇಗ ಕೆಡುವುದರಿಂದ ಆಗಿಂದಾಗ್ಗೆ ತಯಾರಿಸಿಕೊಳ್ಳಬೇಕು. ಬಟ್ಟೆ ಕ್ಲಿಪ್ಪು, ದಾರ ಮತ್ತು ಜೇಡಿಮಣ್ಣಿನಿಂದ ಜೋಡಿಸಿದ್ದನ್ನು ಮತ್ತೆ ಬಿಚ್ಚಬಹುದು. ಬಿಚ್ಚಿ ಮತ್ತೆ ಕಟ್ಟುವ ಅವಕಾಶವಿರುವಲ್ಲಿ ಮಗು ಸೋಲಿಗೆ ಅಂಜುವುದಿಲ್ಲ.

ಬಳಕೆಯ ಕ್ರಮ ಮತ್ತು ಶಿಕ್ಷಕರ ಪಾತ್ರ

ವಸ್ತುಗಳನ್ನು ಒಂದೇ ಚೀಲದಲ್ಲಿ ತುಂಬಿ ಸುರಿದರೆ ಮಗುವಿಗೆ ಅದು ಕಸವಾಗಿಯೇ ಕಾಣುತ್ತದೆ. ತೊಳೆದು, ಒಣಗಿಸಿ, ಬಗೆಬಗೆಯಾಗಿ ವಿಂಗಡಿಸಿ, ಮಗುವಿನ ಕೈಗೆಟಕುವ ಎತ್ತರದಲ್ಲಿ ಬುಟ್ಟಿ ಅಥವಾ ತಟ್ಟೆಗಳಲ್ಲಿ ಜೋಡಿಸಿಟ್ಟಾಗ ಆಯ್ಕೆಯ ಕ್ರಿಯೆ ಆರಂಭವಾಗುತ್ತದೆ. ಬಣ್ಣ, ಗಾತ್ರ, ಆಕಾರಗಳಿಗೆ ತಕ್ಕಂತೆ ವಿಂಗಡಿಸುವ ಕೆಲಸದಲ್ಲಿ ಮಕ್ಕಳನ್ನೂ ತೊಡಗಿಸಿದರೆ ಅದೇ ಗಣಿತಪೂರ್ವ ಕಲಿಕೆಯಾಗುತ್ತದೆ. ಒಮ್ಮೆಗೆ ಕೆಲವೇ ಬಗೆಯ ವಸ್ತುಗಳನ್ನು, ಆದರೆ ಸಾಕಷ್ಟು ಸಂಖ್ಯೆಯಲ್ಲಿ ಇಡುವುದು ಒಳ್ಳೆಯದು.

ಶಿಕ್ಷಕಿಯು ಮಾದರಿಯೊಂದನ್ನು ತೋರಿಸಿ, ಅದರಂತೆಯೇ ಮಾಡಲು ಹೇಳಿದರೆ ಮೂವತ್ತು ಮಕ್ಕಳಿಂದ ಒಂದೇ ಬಗೆಯ ಮೂವತ್ತು ಚಿಟ್ಟೆಗಳು ದೊರೆಯುತ್ತವೆ. ಇಂಥ ಚಟುವಟಿಕೆಯು ಬೆರಳುಗಳ ಹಿಡಿತ ಮತ್ತು ಸೂಚನೆಯ ಪಾಲನೆಗೆ ಅಭ್ಯಾಸ ನೀಡುತ್ತದೆ. ಸೃಜನಶೀಲತೆಗೆ ಅದರಲ್ಲಿ ಎಡೆ ಕಡಿಮೆ. ಮಗುವಿನ ಕೆಲಸವನ್ನು ಕಂಡು ‘ಇದೇನು?’ ಎಂದು ಕೇಳಿದರೆ, ಇನ್ನೂ ಏನೆಂದು ನಿರ್ಧರಿಸದ ಮಗು ಗಲಿಬಿಲಿಗೊಳ್ಳಬಹುದು. ‘ಇದರ ಬಗ್ಗೆ ನನಗೆ ಹೇಳ್ತೀಯಾ?’ ಎಂಬ ಮಾತು ಅದರ ನುಡಿಗೆ ದಾರಿ ತೆರೆಯುತ್ತದೆ. ಕತ್ತರಿಸಲು ಬಾರದಾಗ ಕತ್ತರಿ ಹಿಡಿಯುವ ಬಗೆಯನ್ನು ಕಲಿಸುವುದು ನೆರವು. ಮಗುವಿನ ಕೈಯಿಂದ ತೆಗೆದುಕೊಂಡು ತಾವೇ ಅಂದವಾಗಿ ಮುಗಿಸಿಕೊಡುವುದು ಆ ಕೆಲಸದ ಒಡೆತನವನ್ನು ಕಿತ್ತುಕೊಂಡಂತೆ. ಇದಕ್ಕೆ ಅವಸರವಿಲ್ಲದ ಕಾಲಾವಕಾಶವೂ, ಅಪೂರ್ಣ ರಚನೆಯನ್ನು ಮರುದಿನದವರೆಗೆ ಕೆಡಿಸದೆ ಇಡಲು ಒಂದು ಮೂಲೆಯೂ ಬೇಕಾಗುತ್ತವೆ.

ಸುರಕ್ಷತೆ

ಚಿಕ್ಕ ಮಕ್ಕಳು ವಸ್ತುಗಳನ್ನು ಬಾಯಿಗಿಡುವುದರಿಂದ ಸಾಮಗ್ರಿಗಳ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಆಟಿಕೆಗಳ ಪರೀಕ್ಷೆಯಲ್ಲಿ ಸುಮಾರು 3.17 ಸೆಂ.ಮೀ. ವ್ಯಾಸದ ಒಂದು ಗಿಡ್ಡ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಸೇರುವ ವಸ್ತು ಮೂರು ವರ್ಷದೊಳಗಿನವರ ಉಸಿರುಗಟ್ಟಿಸಬಹುದೆಂದು ಪರಿಗಣಿಸಲಾಗುತ್ತದೆ. ಅಂಗನವಾಡಿಗಳಿಗೆ ಕೆಲವೊಮ್ಮೆ ತಮ್ಮ ತಂಗಿಯೂ ಬರುವುದರಿಂದ, ದೊಡ್ಡ ಮಕ್ಕಳಿಗೆ ಇಟ್ಟ ವಸ್ತುಗಳಿಗೂ ಈ ಅಳತೆಯನ್ನು ಅನ್ವಯಿಸುವುದು ಲೇಸು. ಮಾರಾಟದ ಆಟಿಕೆಗಳಿಗೆ ಭಾರತದಲ್ಲಿ 2021ರ ಜನವರಿ 1ರಿಂದ ಗುಣಮಟ್ಟದ ಗುರುತು ಕಡ್ಡಾಯವಾಗಿದೆ. ಮರುಬಳಕೆ ವಸ್ತುಗಳಿಗೆ ಅಂಥ ತಪಾಸಣೆ ಇಲ್ಲವಾದ್ದರಿಂದ ಹೊಣೆಯೆಲ್ಲ ಶಿಕ್ಷಕರ ಮೇಲಿರುತ್ತದೆ.

ಬಳಸಬಾರದ ವಸ್ತುಗಳು:

• ಔಷಧಿ, ಕೀಟನಾಶಕ, ಫಿನಾಯಿಲ್, ಬಣ್ಣಗಳ ಡಬ್ಬಿ ಮತ್ತು ಬಾಟಲಿಗಳು. ತೊಳೆದರೂ ಅಂಶ ಉಳಿಯಬಹುದು. ಅಂಥ ಬಾಟಲಿ ಆಟದ ವಸ್ತುವೆಂಬ ಭಾವನೆ ಬೆಳೆಯುವುದೂ ಅಪಾಯಕರ.
• ಗುಂಡಿ ಆಕಾರದ ಬ್ಯಾಟರಿ ಮತ್ತು ಸಣ್ಣ ಆಯಸ್ಕಾಂತಗಳು. ನುಂಗಿದರೆ ಜೀವಕ್ಕೇ ಅಪಾಯ. ಹಳೆ ಆಟಿಕೆ, ಗಡಿಯಾರ, ಹಾಡುವ ಶುಭಾಶಯ ಪತ್ರಗಳಲ್ಲಿ ಇಂಥ ಬ್ಯಾಟರಿಗಳಿರುತ್ತವೆ.
• ಗುಲಗಂಜಿ ಮತ್ತು ಹರಳು ಬೀಜಗಳು. ಬಣ್ಣಕ್ಕೆ ಮಾರುಹೋಗಿ ಕರಕುಶಲ ಕೆಲಸಗಳಲ್ಲಿ ಬಳಸುವ ಇವು ವಿಷಯುಕ್ತ.
• ತೆಳು ಪ್ಲಾಸ್ಟಿಕ್ ಚೀಲ, ಬಲೂನಿನ ಚೂರು, ಒಡೆದ ಗಾಜು, ಹರಿತ ತಗಡು, ಪುಡಿಯಾಗುವ ಥರ್ಮಾಕೋಲ್.
• ಹಳೆಯ ಬಣ್ಣ ಬಳಿದ ಮರ. ಭಾರತದಲ್ಲಿ ಗೃಹ ಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದ್ದು, ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು.

ಟೈರುಗಳಲ್ಲಿ ಮಳೆನೀರು ನಿಂತರೆ ಸೊಳ್ಳೆಗಳು ಮೊಟ್ಟೆಯಿಡುವುದರಿಂದ, ಕೆಳಗೆ ರಂಧ್ರ ಕೊರೆಯಬೇಕು ಅಥವಾ ಒಳಗಿಡಬೇಕು.

ಟೀಕೆಗಳು ಮತ್ತು ಮಿತಿಗಳು

ಸೃಜನಶೀಲತೆಯನ್ನು ಈ ವಯಸ್ಸಿನಲ್ಲಿ ಅಳೆಯುವುದು ಕಷ್ಟ. ಮಗುವಿನ ಮನೆ, ನುಡಿ, ಶಿಕ್ಷಕರ ಪ್ರಭಾವಗಳಿಂದ ವಸ್ತುಗಳ ಪ್ರಭಾವವನ್ನು ಬೇರ್ಪಡಿಸುವುದು ಇನ್ನೂ ಕಷ್ಟ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 12 ಶಾಲೆಗಳ ಐದರಿಂದ ಏಳು ವರ್ಷದ ಮಕ್ಕಳ ಆಟದ ಅಂಗಳಕ್ಕೆ ಟೈರು, ಕ್ರೇಟುಗಳಂಥ ವಸ್ತುಗಳನ್ನು ಸೇರಿಸಿ ನಡೆಸಿದ ಅಧ್ಯಯನವು ಮಕ್ಕಳ ದೈಹಿಕ ಚಟುವಟಿಕೆ ಹೆಚ್ಚಿದ್ದನ್ನು ಗುರುತಿಸಿತು. ಅದು ಅಳೆದದ್ದು ಚಟುವಟಿಕೆಯನ್ನು. ಅದನ್ನು ಸೃಜನಶೀಲತೆಗೆ ಪುರಾವೆಯೆಂದು ಭಾವಿಸಲಾಗದು.

ಪರಿಸರದ ದೃಷ್ಟಿಯಿಂದಲೂ ಆಕ್ಷೇಪಗಳಿವೆ. ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಗೆ ಅಂಟು, ಮಿನುಗುಪುಡಿ, ಬಣ್ಣಗಳನ್ನು ಮೆತ್ತಿದರೆ ಅದು ಮರುಸಂಸ್ಕರಣೆಗೂ ಒದಗದೆ ಕೊನೆಗೆ ಕಸದ ರಾಶಿಗೇ ಸೇರುತ್ತದೆ. ಸ್ಪರ್ಧೆಗಾಗಿ ಹೊಸ ಕಾಗದದ ತಟ್ಟೆ, ಲೋಟಗಳನ್ನು ಕೊಂಡು ‘ಕಸದಿಂದ ರಸ’ ಮಾಡುವುದು ಮೂಲ ಉದ್ದೇಶಕ್ಕೇ ವಿರುದ್ಧ. ಮನೆಗೆ ಕೊಟ್ಟ ಇಂಥ ಕೆಲಸವನ್ನು ಪೋಷಕರೇ ಮಾಡಿ ಕಳುಹಿಸುವುದೂ ಉಂಟು.

ಸಮಾನತೆಯ ಪ್ರಶ್ನೆಯು ಇವೆಲ್ಲಕ್ಕಿಂತ ಗಂಭೀರವಾದುದು. ಉಚಿತವಾಗಿ ದೊರೆಯುವ ವಸ್ತುಗಳಿಂದಲೇ ಕಲಿಸಬಹುದು ಎಂಬ ವಾದವು ಬಡ ಮಕ್ಕಳ ಕೇಂದ್ರಗಳಿಗೆ ಪುಸ್ತಕ, ಆಟಿಕೆ, ಬಣ್ಣಗಳನ್ನು ಒದಗಿಸದಿರಲು ನೆಪವಾಗಬಾರದು. ರೆಜಿಯೊ ಎಮಿಲಿಯಾದಲ್ಲಿ ಉಳಿಕೆ ವಸ್ತುಗಳ ಹಿಂದೆ ನಗರಸಭೆಯ ಹಣ, ತರಬೇತಿ ಪಡೆದ ಶಿಕ್ಷಕರು ಮತ್ತು ವಿಶಾಲ ಕೋಣೆಗಳಿವೆ. ವಸ್ತುವಿಗೆ ಬೆಲೆ ಕೊಡಬೇಕಾಗಿಲ್ಲದಿದ್ದರೂ, ಅದನ್ನು ತೊಳೆದು ವಿಂಗಡಿಸುವ ಶ್ರಮಕ್ಕೆ ಬೆಲೆಯಿದೆ. ಪೌಷ್ಟಿಕ ಆಹಾರ, ದಾಖಲೆಗಳ ನಿರ್ವಹಣೆ, ಮನೆಭೇಟಿಗಳ ಹೊಣೆ ಹೊತ್ತ ಅಂಗನವಾಡಿ ಕಾರ್ಯಕರ್ತೆಗೆ ಈ ಕೆಲಸಕ್ಕೂ ಬಿಡುವು ಮತ್ತು ತರಬೇತಿ ದೊರೆತಾಗ ಮಾತ್ರ ರಟ್ಟಿನ ಪೆಟ್ಟಿಗೆಯು ಮಗುವಿನ ಕೈಗೆ ಬಿಡಿ ಸಾಮಗ್ರಿಯಾಗಿ ತಲುಪುತ್ತದೆ.

ಇವನ್ನೂ ನೋಡಿ

• ಅಂಗನವಾಡಿ
• ಶಾಲಾಪೂರ್ವ ಶಿಕ್ಷಣ
• ಮಾಂಟೆಸ್ಸರಿ ಶಿಕ್ಷಣ ಪದ್ಧತಿ
• ಗಿಜುಭಾಯಿ ಬಧೇಕಾ
• ಅರವಿಂದ ಗುಪ್ತಾ
• ಕೌದಿ